ಪಂಚಾಯ್ತಿಯಲ್ಲಿ ಅಧಿಕಾರ ಯಾರದು, ನಡೆಯುವುದು ಯಾರ ಮಾತು

"ನಮ್ಮ ಬೀದಿಗೊಂದು ಚರಂಡಿ ಮಾಡಿಸಿಕೊಡಿ" ಎಂದು ಗ್ರಾಮ ಪಂಚಾಯ್ತಿ ಅಧ್ಯಕ್ಷರನ್ನು ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಅಧ್ಯಕ್ಷರು "ಆಯ್ತು, ಮಾಡಿಸೋಣ" ಎನ್ನುತ್ತಾರೆ. ವರ್ಷ ಕಳೆದರೂ ಚರಂಡಿ ಬರುವುದಿಲ್ಲ. ಕೇಳಿದವರಿಗೆ ಮೋಸ ಹೋದಂತೆ ಅನ್ನಿಸುತ್ತದೆ. ಎಷ್ಟೋ ಸಲ ಅಲ್ಲಿ ಮೋಸ ನಡೆದಿರುವುದಿಲ್ಲ. ಚರಂಡಿ ಮಂಜೂರು ಮಾಡುವ ಅಧಿಕಾರ ಅಧ್ಯಕ್ಷರೊಬ್ಬರಿಗೇ ಇರುವುದಿಲ್ಲ, ಅಷ್ಟೇ. ಅದು ಸಭೆಯ ಅಧಿಕಾರ. ಸಭೆಯ ಮುಂದೆ ಆ ಬೇಡಿಕೆ ಬರವಣಿಗೆಯಲ್ಲಿ ಬಂದಿರುವುದೇ ಇಲ್ಲ.

ರಾಜ್ಯಶಾಸ್ತ್ರದ ಮೊದಲ ಪಾಠಗಳಾದ ಬಲ, ಅಧಿಕಾರ, ಸರ್ಕಾರ ಎಂಬ ವಿಚಾರಗಳನ್ನು ಕಲಿಯಲು ದೆಹಲಿಯ ಸಂಸತ್ತಿಗಿಂತ ನಮ್ಮ ಗ್ರಾಮ ಪಂಚಾಯ್ತಿ ಒಳ್ಳೆಯ ಜಾಗ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಎಲ್ಲವೂ ಕಣ್ಣಳತೆಯಲ್ಲಿದೆ. ಸಹಿ ಹಾಕುವವರು ಯಾರು, ಹಾಕಿಸುವವರು ಯಾರು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಬಲ ಎಂದರೆ ಬೇರೆಯವರಿಗೆ ಇಷ್ಟವಿರಲಿ ಬಿಡಲಿ, ತಾನು ಅಂದುಕೊಂಡದ್ದನ್ನು ನಡೆಸಬಲ್ಲ ಶಕ್ತಿ. ಅದು ಜಮೀನಿನಿಂದ, ಹಣದಿಂದ, ಜಾತಿಯ ಸಂಖ್ಯೆಯಿಂದ, ಸಾಲ ಕೊಟ್ಟ ಹಂಗಿನಿಂದ, ಶಾಸಕರ ಒಡನಾಟದಿಂದ, ಕೆಲವೊಮ್ಮೆ ಬರಿಯ ಹೆದರಿಕೆಯಿಂದಲೂ ಬರುತ್ತದೆ. ಅಧಿಕಾರ ಎಂದರೆ ತೀರ್ಮಾನ ಮಾಡುವ ಹಕ್ಕು. ಆ ಹಕ್ಕು ಇವರದೇ ಎಂದು ಕಾನೂನು ಹೇಳಿರುತ್ತದೆ, ಜನ ಒಪ್ಪಿರುತ್ತಾರೆ. ಈ ಒಪ್ಪಿಗೆಯೇ ಮಾನ್ಯತೆ. ಯಾವ ತೀರ್ಮಾನ ಯಾರು ಮಾಡಬೇಕು, ಯಾರು ಜಾರಿಗೆ ತರಬೇಕು, ಯಾರು ಲೆಕ್ಕ ಕೇಳಬೇಕು ಎಂಬ ಏರ್ಪಾಡಿಗೆ ಸರ್ಕಾರ ಎನ್ನುತ್ತೇವೆ. ಆ ಅರ್ಥದಲ್ಲಿ ಗ್ರಾಮ ಪಂಚಾಯ್ತಿಯೂ ಒಂದು ಸರ್ಕಾರ. ವಿಧಾನಸೌಧದ ಒಂದು ಶಾಖಾ ಕಚೇರಿ ಎಂದು ಅದನ್ನು ನೋಡುವ ಅಭ್ಯಾಸವೇ ತಪ್ಪು.

ಪಟೇಲರಿಂದ ಪಂಚಾಯ್ತಿಗೆ

ಜನ ಯಾಕೆ ಒಬ್ಬರ ಮಾತು ಕೇಳುತ್ತಾರೆ ಎಂಬ ಪ್ರಶ್ನೆಗೆ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಮೂರು ಉತ್ತರ ಕೊಟ್ಟ. ಹಿಂದಿನಿಂದ ನಡೆದುಬಂದಿದೆ ಎಂದು ಕೇಳುತ್ತಾರೆ. ಆ ವ್ಯಕ್ತಿಯ ವರ್ಚಸ್ಸಿಗೆ ಮಣಿದು ಕೇಳುತ್ತಾರೆ. ನಿಯಮದ ಪ್ರಕಾರ ಆ ಹುದ್ದೆಯಲ್ಲಿದ್ದಾರೆ ಎಂದು ಕೇಳುತ್ತಾರೆ. ನಮ್ಮ ಹಳ್ಳಿಗಳ ಚರಿತ್ರೆಯಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ದಾಟಿದ್ದು ತೀರಾ ಇತ್ತೀಚೆಗೆ.

ಪಟೇಲ ಅಥವಾ ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಇವೆಲ್ಲ ವಂಶಪಾರಂಪರ್ಯವಾಗಿ ಬರುತ್ತಿದ್ದ ಹುದ್ದೆಗಳು. ಕಂದಾಯ ವಸೂಲಿ ಪಟೇಲರ ಕೈಯಲ್ಲಿ, ಲೆಕ್ಕಪತ್ರ ಶಾನುಭೋಗರ ಕೈಯಲ್ಲಿ. ಊರಿನ ಜಮೀನಿನ ಲೆಕ್ಕ ಬರೆಯುವವನ ಮಗನೇ ಮುಂದೆಯೂ ಬರೆಯುವವನು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಈ ಹುದ್ದೆಗಳು ಹೋದವು. ಆ ಜಾಗಕ್ಕೆ ಸಂಬಳದ, ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗ ಬಂದ. ಈಗ ಆ ಹುದ್ದೆಯನ್ನು ಗ್ರಾಮ ಆಡಳಿತಾಧಿಕಾರಿ ಎಂದು ಕರೆಯುತ್ತಾರೆ.

ಹುದ್ದೆ ಹೋದ ಮಾತ್ರಕ್ಕೆ ಬಲ ಹೋಗಲಿಲ್ಲ. ಬಲದ ಬೇರು ಜಮೀನಿನಲ್ಲಿತ್ತು. ಗೇಣಿದಾರನ ಊಟ ಒಡೆಯನ ಮರ್ಜಿಯಲ್ಲಿರುವಾಗ ಅವನ ಮತ ಮಾತ್ರ ಸ್ವತಂತ್ರವಾಗಿರಲು ಸಾಧ್ಯವೇ? ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳನ್ನು ಸರ್ಕಾರಕ್ಕೆ ಸೇರಿಸಿ, ಉಳುವವರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಹಕ್ಕು ಪಡೆಯುವ ದಾರಿ ಮಾಡಿತು. ಎಲ್ಲ ಕಡೆ ಒಂದೇ ತರಹ ಯಶಸ್ಸು ಸಿಗಲಿಲ್ಲ ನಿಜ. ಆದರೆ ಕರಾವಳಿ, ಮಲೆನಾಡಿನ ಎಷ್ಟೋ ಊರುಗಳಲ್ಲಿ ಒಡೆಯರ ಮನೆಯ ಜಗಲಿಯಿಂದ ಪಂಚಾಯ್ತಿ ಕಟ್ಟೆಗೆ ಮಾತು ಸರಿದದ್ದು ಆಮೇಲೆಯೇ. ಭೂಮಿಯ ಪ್ರಶ್ನೆ ಬಿಟ್ಟು ಬರಿಯ ಚುನಾವಣೆಯಿಂದ ಇದು ಆಗುತ್ತಿರಲಿಲ್ಲ.

ಮುಂದಿನ ಹೆಜ್ಜೆ ಪಂಚಾಯ್ತಿಗಳ ಬಗೆಗಿನ 1983ರ ಕಾಯ್ದೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅದನ್ನು ತಂದರು. ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎಂದೇ ಹೆಸರಾದವರು. 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಐಎಎಸ್ ಅಧಿಕಾರಿ. ಚುನಾಯಿತರ ಕೆಳಗೆ ಅಧಿಕಾರಿ ಎಂಬುದನ್ನು ದರ್ಜೆಯಲ್ಲೇ ಬರೆದಿಟ್ಟ ಏರ್ಪಾಡು ಅದು. ನಮ್ಮ ರಾಜ್ಯದಲ್ಲಿ ಅಷ್ಟು ನೇರವಾಗಿ ಅಧಿಕಾರ ಕೆಳಗಿಳಿದದ್ದು ಮತ್ತೆ ಕಾಣೆ. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸದೆ ಅವನ್ನು ಖಾಲಿ ಬಿಡಲಾಯಿತು. ಹಾಗೆ ಬಿಡಲು ಆಗ ಸಂವಿಧಾನದ ಅಡ್ಡಿ ಇರಲಿಲ್ಲ.

ಆ ಅಡ್ಡಿ ಬಂದದ್ದು 73ನೇ ತಿದ್ದುಪಡಿಯಿಂದ. 1993ರ ಏಪ್ರಿಲ್ 24ರಿಂದ ಅದು ಜಾರಿ. ಅದಕ್ಕೆ ಹೊಂದಿಸಿ ಬಂದ ಕರ್ನಾಟಕದ 1993ರ ಕಾಯ್ದೆಗೆ ಈಗಿನ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಪಂಚಾಯ್ತಿ ಇರಲೇಬೇಕು, ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಎಂದು ಸಂವಿಧಾನ ಖಡಾಖಂಡಿತವಾಗಿ ಹೇಳುತ್ತದೆ. ಆದರೆ ಎಷ್ಟು ಅಧಿಕಾರ ಕೊಡಬೇಕು ಎಂಬುದನ್ನು 243ಜಿ ವಿಧಿ ರಾಜ್ಯ ಶಾಸನಸಭೆಯ ಇಚ್ಛೆಗೆ ಬಿಟ್ಟಿದೆ. ಹನ್ನೊಂದನೇ ಅನುಸೂಚಿಯ 29 ವಿಷಯಗಳು ಕೊಡಬಹುದಾದ ಪಟ್ಟಿ, ಕೊಟ್ಟಾದ ಪಟ್ಟಿಯಲ್ಲ. ಪಂಚಾಯ್ತಿಗೆ ಮಾನ್ಯತೆ ಮತದಾರರಿಂದ ಬರುತ್ತದೆ, ಅಧಿಕಾರ ಬೆಂಗಳೂರಿನಿಂದ ಬರುತ್ತದೆ. ಪಂಚಾಯ್ತಿಗಳ ತೊಂದರೆಯೆಲ್ಲ ಈ ಎರಡರ ನಡುವಿನ ಎಳೆದಾಟದ್ದೇ.

ಹದಿನೈದು ಮಂದಿಯ ಲೆಕ್ಕ

ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯ್ತಿ. ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳಲ್ಲಿ ಇನ್ನೂ ಕಡಿಮೆ ಇರಬಹುದು. 400 ಜನಕ್ಕೆ ಒಬ್ಬ ಸದಸ್ಯ. 6,000 ಜನರ ಪಂಚಾಯ್ತಿಯಾದರೆ ಹದಿನೈದು ಸದಸ್ಯರು. ಇವರಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಬೆನ್ನಿಗೆ ಪಕ್ಷ ಇದ್ದೇ ಇರುತ್ತದೆ.

ಈ ಹದಿನೈದು ಮಂದಿಯಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಇರುವ ಅಧಿಕಾರ ಬಹಳ ಕಡಿಮೆ. ಸದಸ್ಯರೊಬ್ಬರು "ನಾನು ಮಂಜೂರು ಮಾಡಿಸಿದೆ" ಎಂದರೆ ಅದು ಪ್ರಭಾವದ ಮಾತು. ಕಾನೂನಿನ ಕಣ್ಣಿಗೆ ಪಂಚಾಯ್ತಿ ಎಂದರೆ ಸರಿಯಾಗಿ ಕರೆದ, ಕೋರಂ (ಕನಿಷ್ಠ ಹಾಜರಾತಿ) ಇರುವ, ನಡಾವಳಿ (ಸಭೆಯ ದಾಖಲೆ) ಬರೆದ ಸಭೆ. ಸಾಮಾನ್ಯ ಸಭೆಗೆ ಏಳು ದಿನ ಮುಂಚೆ ನೋಟಿಸು ಕೊಡಬೇಕು, ವಿಶೇಷ ಸಭೆಗೆ ಮೂರು ದಿನ. ನೋಟಿಸಿನ ಜೊತೆ ಅಜೆಂಡಾ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಮಂದಿ ಬಂದರೆ ಕೋರಂ. ಸಮ ಮತ ಬಿದ್ದರೆ ಅಧ್ಯಕ್ಷರಿಗೆ ನಿರ್ಣಾಯಕ ಮತ.

ಇದನ್ನು ಲೆಕ್ಕ ಹಾಕಿ ನೋಡಿ. ಹದಿನೈದರಲ್ಲಿ ಎಂಟು ಮಂದಿ ಬಂದರೆ ಸಭೆ ನಡೆಯುತ್ತದೆ. ಆ ಎಂಟರಲ್ಲಿ ಐದು ಕೈ ಎದ್ದರೆ ನಿರ್ಣಯ ಪಾಸು. ಆರು ಸಾವಿರ ಜನರ ನೀರು, ದೀಪ, ರಸ್ತೆಯ ಹಣ ಎಲ್ಲಿ ಖರ್ಚಾಗಬೇಕು ಎಂಬುದನ್ನು ಐದು ಮಂದಿ ತೀರ್ಮಾನಿಸಬಹುದು. ಸಭೆಗೆ ಬಾರದ ಏಳು ಮಂದಿ ಆಮೇಲೆ ಎಷ್ಟು ಕೂಗಾಡಿದರೂ ನಿರ್ಣಯ ನಿರ್ಣಯವೇ. ತಮ್ಮ ಸದಸ್ಯರು ಸಭೆಗೆ ಹೋಗುತ್ತಾರೋ ಇಲ್ಲವೋ ಎಂಬುದನ್ನು ವಾರ್ಡಿನ ಜನ ಮೊದಲು ವಿಚಾರಿಸಬೇಕು.

ಅಜೆಂಡಾದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಯಾವುದು ಚರ್ಚೆಗೆ ಬರಬೇಕು ಎಂದು ಮೊದಲೇ ನಿಗದಿ ಮಾಡುವವರ ಬಲ, ಕೈ ಎತ್ತಿ ಮತ ಹಾಕುವವರ ಬಲಕ್ಕಿಂತ ದೊಡ್ಡದು. ಊರಿನ ಸಾರ್ವಜನಿಕ ಗುಂಡುತೋಪಿನ ಒತ್ತುವರಿಯ ವಿಷಯ ಅಜೆಂಡಾಕ್ಕೆ ಬರದಂತೆ ನೋಡಿಕೊಂಡರೆ ಸಾಕು, ಅದರ ಮೇಲೆ ಯಾರೂ ಸೋಲಬೇಕಿಲ್ಲ, ಗೆಲ್ಲಬೇಕಿಲ್ಲ. ಬೇಡದ ವಿಷಯಗಳನ್ನು ಕೊನೆಗೆ "ಅಧ್ಯಕ್ಷರ ಅಪ್ಪಣೆ ಪಡೆದು ಇತರೆ ವಿಷಯಗಳು" ಎಂಬ ಸಾಲಿನ ಕೆಳಗೆ ತುರುಕುವುದೂ ಉಂಟು. ಆ ಹೊತ್ತಿಗೆ ಅರ್ಧ ಸದಸ್ಯರು ಟೀ ಕುಡಿದು ಹೊರಟಿರುತ್ತಾರೆ. ದುಡ್ಡಿನ ದೊಡ್ಡ ವಿಷಯ 'ಇತರೆ'ಯಲ್ಲಿ ಬಂದರೆ ಅದನ್ನು ಮುಂದಿನ ಸಭೆಯ ಅಜೆಂಡಾಕ್ಕೆ ಹಾಕಿ ಎಂದು ಸದಸ್ಯರು ಒತ್ತಾಯಿಸಬೇಕು, ಒತ್ತಾಯಿಸಿದ್ದನ್ನು ನಡಾವಳಿಯಲ್ಲಿ ಬರೆಸಬೇಕು. ಅಧ್ಯಕ್ಷರು ಒಂದು ವಿಷಯವನ್ನು ಸಭೆಗೆ ತರಲು ಒಪ್ಪದಿದ್ದರೆ ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಐದು ಮಂದಿ, ಸಹಿ ಹಾಕಿ ವಿಶೇಷ ಸಭೆ ಕರೆಯಲು ಲಿಖಿತವಾಗಿ ಕೇಳಬಹುದು.

ನಡಾವಳಿ ಪುಸ್ತಕವೇ ಎಲ್ಲಕ್ಕೂ ಆಧಾರ. ಕೆಡುವುದೂ ಅಲ್ಲಿಯೇ. ಹಾಜರಿಗೆ ಸಹಿ ಹಾಕಿಸಿಕೊಂಡು ನಿರ್ಣಯದ ಜಾಗ ಖಾಲಿ ಬಿಟ್ಟು, ವಾರದ ಮೇಲೆ ಬರೆಯುತ್ತಾರೆ. ಸಭೆಯೇ ನಡೆಯದೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸುತ್ತಾರೆ. ವಿರೋಧಿಸಿದವರ ಹೆಸರು ಬಿಟ್ಟು "ಸರ್ವಾನುಮತದಿಂದ" ಎಂದು ಬರೆಯುತ್ತಾರೆ. ಸದಸ್ಯರಾದವರು ಖಾಲಿ ಹಾಳೆಯ ಕೆಳಗೆ ಸಹಿ ಹಾಕಬಾರದು. ವಿರೋಧವಿದ್ದರೆ ತಮ್ಮ ಹೆಸರಿನ ಮುಂದೆ ಭಿನ್ನಾಭಿಪ್ರಾಯ ಬರೆಸದೆ ಎದ್ದು ಬರಬಾರದು. ಹಣ ದುರುಪಯೋಗವಾಗಿದೆ ಎಂದು ಮುಂದೆ ತನಿಖೆ ಬಂದಾಗ, ಬಾಯಲ್ಲಿ ವಿರೋಧಿಸಿದ್ದೆ ಎಂಬ ಮಾತಿಗೆ ಬೆಲೆ ಇರುವುದಿಲ್ಲ.

ಅಧ್ಯಕ್ಷರು ಮತ್ತು ಪಿಡಿಒ

ತೀರ್ಮಾನ ಮಾಡುವುದು ಚುನಾಯಿತ ಸಭೆ, ಜಾರಿ ಮಾಡುವುದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಪಿಡಿಒ ಸರ್ಕಾರಿ ನೌಕರರು. ಸಂಬಳ, ವರ್ಗಾವಣೆ, ಶಿಸ್ತುಕ್ರಮ ಎಲ್ಲ ಮೇಲಿನವರ ಕೈಯಲ್ಲಿ. ಆದ್ದರಿಂದ ಅಧ್ಯಕ್ಷರ ಮಾತನ್ನೂ ಕೇಳಬೇಕು, ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಮಾತನ್ನೂ ಕೇಳಬೇಕು. ನಿರ್ಣಯ ಕಾನೂನಿಗೆ ವಿರುದ್ಧವಾಗಿದ್ದರೆ ಪಿಡಿಒ ಅದನ್ನು ಅಲ್ಲಿಯೇ ಹೇಳಿ, ನಡಾವಳಿಯಲ್ಲಿ ದಾಖಲಿಸಿ, ಮೇಲಿನವರಿಗೆ ವರದಿ ಮಾಡಬೇಕು. ಸುಮ್ಮನಿದ್ದರೆ ಅವರೂ ಹೊಣೆಗಾರರೇ.

ಪಂಚಾಯ್ತಿ ಹಣ ತೆಗೆಯಲು ಇಬ್ಬರೂ ಬೇಕು. ಮೊದಲು ಚೆಕ್ಕಿಗೆ ಜಂಟಿ ಸಹಿ ಇತ್ತು. ಈಗ ಬಹುಪಾಲು ಪಾವತಿ ಇಬ್ಬರ ಡಿಜಿಟಲ್ ಸಹಿಯ ಮೇಲೆ ಆನ್‌ಲೈನಿನಲ್ಲಿ ಆಗುತ್ತದೆ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಡೆಯಲಿ ಎಂಬುದು ಇದರ ಉದ್ದೇಶ. ಇದು ಕುಸಿಯುವುದು ಎಲ್ಲಿ ಎಂದರೆ, ಅಧ್ಯಕ್ಷರ ಡಾಂಗಲ್ (ಡಿಜಿಟಲ್ ಸಹಿಯ ಕೀಲಿ) ಕಚೇರಿಯ ಕಂಪ್ಯೂಟರ್ ಆಪರೇಟರ್ ಬಳಿಯಲ್ಲಿ, ಅದರ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ. "ನಂಗೆ ಕಂಪ್ಯೂಟರ್ ಬರಲ್ಲ ಸಾರ್, ನೀವೇ ಒತ್ಬಿಡಿ" ಎಂದ ಅಧ್ಯಕ್ಷರು ತಮಗಿದ್ದ ಅತಿ ದೊಡ್ಡ ಅಧಿಕಾರವನ್ನು ಕೊಟ್ಟುಬಿಟ್ಟರು. ಹೊಣೆ ಮಾತ್ರ ಅವರ ಹೆಸರಲ್ಲೇ ಉಳಿಯಿತು. ಡಾಂಗಲ್ ಸ್ವಂತ ಚೀಲದಲ್ಲಿರಬೇಕು. ಪ್ರತಿ ಪಾವತಿಗೆ ಮುಂಚೆ ನಿರ್ಣಯದ ಸಂಖ್ಯೆ, ಕಾಮಗಾರಿಯ ಅಳತೆ ಬರೆಯುವ ಎಂಬಿ ಪುಸ್ತಕದ ಪುಟ, ಬಿಲ್ಲಿನ ಮೊತ್ತ ಈ ಮೂರನ್ನು ತಾಳೆ ನೋಡಬೇಕು. ಕಂಪ್ಯೂಟರ್ ಬಾರದವರಿಗೂ ಇದು ಕಾಲು ಗಂಟೆಯ ಕೆಲಸ.

ಮಹಿಳಾ ಅಧ್ಯಕ್ಷರ ಗಂಡಂದಿರ ವಿಷಯವನ್ನು ಇಲ್ಲಿಯೇ ಹೇಳಬೇಕು. ಗಂಡ ಸಭೆಯಲ್ಲಿ ಕುರ್ಚಿ ಹಾಕಿ ಕೂರುತ್ತಾನೆ, ಗುತ್ತಿಗೆದಾರರ ಜೊತೆ ಮಾತಾಡುತ್ತಾನೆ, ಹೆಂಡತಿ ಸಹಿ ಹಾಕುತ್ತಾಳೆ. ಇದು ಅಧಿಕಾರವಿಲ್ಲದ ಬಲ. ಅವನಿಗೆ ಸಭೆಯಲ್ಲಿ ಕೂರುವ ಹಕ್ಕೂ ಇಲ್ಲ, ಕಡತ ನೋಡುವ ಹಕ್ಕೂ ಇಲ್ಲ. ನಾಳೆ ಆಡಿಟ್ ಆಕ್ಷೇಪಣೆ ಬಂದು ವಸೂಲಾತಿಗೆ ನೋಟಿಸು ಹೊರಟರೆ ಅದು ಹೋಗುವುದು ಆಕೆಯ ಹೆಸರಿಗೆ. ದುರ್ನಡತೆಗಾಗಿ ಸರ್ಕಾರ ಅಧ್ಯಕ್ಷ ಸ್ಥಾನದಿಂದ ತೆಗೆಯುವುದೂ ಆಕೆಯನ್ನೇ. ಮೀಸಲಾತಿಯಿಂದಾಗಿ ಹೆಣ್ಣುಮಕ್ಕಳು ಹೆಸರಿಗಷ್ಟೇ ಬಂದರು ಎಂದು ಮೂದಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊರಗಿನವರನ್ನು ಸಭೆಯಿಂದ ಎಬ್ಬಿಸಿ ಕಳಿಸಬೇಕಾದದ್ದು ಅಲ್ಲಿರುವ ಪಿಡಿಒ ಮತ್ತು ಉಳಿದ ಸದಸ್ಯರ ಕೆಲಸವೂ ಹೌದು. ಅವರು ಅದನ್ನು ಮಾಡದೆ ಆಕೆಯ ಮೇಲೆ ಮಾತ್ರ ತಪ್ಪು ಹೊರಿಸುವುದು ಅನ್ಯಾಯ.

ಅಧ್ಯಕ್ಷರನ್ನು ಇಳಿಸುವ ಲೆಕ್ಕ ಬೇರೆ. ಹದಿನೈದರಲ್ಲಿ ಎಂಟು ಮತ ಇದ್ದರೆ ಅಧ್ಯಕ್ಷರಾಗಬಹುದು. ಅವಿಶ್ವಾಸ ತರಬೇಕಾದರೆ ಕನಿಷ್ಠ ಅರ್ಧ ಸದಸ್ಯರು, ಎಂದರೆ ಎಂಟು ಮಂದಿ, ನೋಟಿಸಿಗೆ ಸಹಿ ಹಾಕಬೇಕು. ಅವರಲ್ಲಿ ಇಬ್ಬರು ಖುದ್ದಾಗಿ ಹೋಗಿ ಉಪವಿಭಾಗಾಧಿಕಾರಿಗೆ ಕೊಡಬೇಕು. ನೋಟಿಸು ಕೊಟ್ಟ ದಿನದಿಂದ 30 ದಿನದೊಳಗೆ ಅವರು ಸಭೆ ಕರೆಯಬೇಕು, ಸದಸ್ಯರಿಗೆ ಪೂರ್ತಿ 15 ದಿನದ ಮುನ್ಸೂಚನೆ ಸಿಗಬೇಕು. ಪಾಸಾಗಲು ಒಟ್ಟು ಸದಸ್ಯರ ಮೂರನೇ ಎರಡು ಭಾಗ, ಅಂದರೆ ಹತ್ತು ಮತ ಬೇಕು. ಬಂದವರಲ್ಲಿ ಮೂರನೇ ಎರಡು ಎಂದು ತಪ್ಪು ತಿಳಿದು ಸೋತವರಿದ್ದಾರೆ. 15 ದಿನದ ಅಂತರದಲ್ಲಿ ಒಂದು ದಿನ ಕಡಿಮೆಯಾಯಿತು ಎಂದು ಹೈಕೋರ್ಟಿನ ತನಕ ಹೋದ ಪ್ರಕರಣಗಳೂ ಇವೆ. ಏರುವುದಕ್ಕಿಂತ ಇಳಿಸುವುದು ಕಷ್ಟವಾಗಿರುವುದು ಬೇಕೆಂದೇ. ಇಲ್ಲದಿದ್ದರೆ ತಿಂಗಳಿಗೊಬ್ಬ ಅಧ್ಯಕ್ಷ ಆಗುತ್ತಿದ್ದರು.

ಹಾಗಾಗಿ ಇನ್ನೊಂದು ದಾರಿ ಬೆಳೆದಿದೆ. ಮೂವತ್ತು ತಿಂಗಳ ಅವಧಿಯನ್ನು ಮೂವರು ಹತ್ತತ್ತು ತಿಂಗಳು ಹಂಚಿಕೊಳ್ಳುವ ಒಪ್ಪಂದ. ದೇವಸ್ಥಾನದಲ್ಲಿ ಆಣೆ, ಸಾಕ್ಷಿಗೆ ಹಿರಿಯರು. ಕಾನೂನಿನಲ್ಲಿ ಇದಕ್ಕೆ ಚಿಕ್ಕಾಸಿನ ಬೆಲೆಯಿಲ್ಲ. ಹತ್ತು ತಿಂಗಳಾದ ಮೇಲೆ ಮೊದಲನೆಯವರು ರಾಜೀನಾಮೆ ಕೊಡದಿದ್ದರೆ ಯಾವ ಕೋರ್ಟೂ ಕೊಡಿಸುವುದಿಲ್ಲ. ಕೊಟ್ಟರೂ ಆ ಹತ್ತು ತಿಂಗಳಲ್ಲಿ ಹಾಕಿದ ದುಡ್ಡು ತೆಗೆಯುವ ಆತುರವೇ ಹೆಚ್ಚು. ಸದಸ್ಯ ಸ್ಥಾನವನ್ನೇ ಹರಾಜು ಹಾಕಿ ಅವಿರೋಧ ಆಯ್ಕೆ ಮಾಡುವ ಊರುಗಳದ್ದು ಇನ್ನೂ ಕೆಟ್ಟ ಕಥೆ. ದೇವಸ್ಥಾನ ಕಟ್ಟಲು ದುಡ್ಡು ಬಂತು ಎಂದು ಊರು ಹೆಮ್ಮೆಪಡುತ್ತದೆ. ಆದರೆ ಕೊಂಡವನಿಗೆ ಊರಿನ ಹಂಗಿಲ್ಲ, ಬೆಲೆ ಕೊಟ್ಟಾಗಿದೆ. ರಾಜ್ಯ ಚುನಾವಣಾ ಆಯೋಗ ಇದನ್ನು ಅಪರಾಧವೆಂದೇ ಎಚ್ಚರಿಸುತ್ತಾ ಬಂದಿದೆ.

ಚರಂಡಿ ಬರುವ ದಾರಿ

ಈಗ ಮೊದಲಿನ ಚರಂಡಿಯನ್ನೇ ಹಿಡಿದು ನೋಡೋಣ. ಅದು ಮೊದಲು ವಾರ್ಡ್ ಸಭೆಯಲ್ಲಿ ಬರಬೇಕು. "ನಮ್ಮ ಬೀದಿಗೆ ಚರಂಡಿ" ಎಂದು ಬರೆಸಿದರೆ ಪ್ರಯೋಜನವಿಲ್ಲ. ಎಲ್ಲಿಂದ ಎಲ್ಲಿಯವರೆಗೆ, ಸುಮಾರು ಎಷ್ಟು ಮೀಟರ್, ನೀರು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು ನಡಾವಳಿಯಲ್ಲಿ ಬರಬೇಕು. ಅಲ್ಲಿಂದ ಗ್ರಾಮಸಭೆಗೆ, ಎಂದರೆ ಪಂಚಾಯ್ತಿ ವ್ಯಾಪ್ತಿಯ ಮತದಾರರೆಲ್ಲರ ಸಭೆಗೆ. ಗ್ರಾಮಸಭೆಗೆ ಕೋರಂ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ಕನಿಷ್ಠ ಶೇ. 30 ಮಹಿಳೆಯರಿರಬೇಕು. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಂದಿನ ವರ್ಷದ ಗ್ರಾಮ ಪಂಚಾಯ್ತಿ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಚರಂಡಿ ಕೇಳಿದರೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಯೋಜನೆಯಲ್ಲಿ ಇಲ್ಲದ ಕಾಮಗಾರಿಗೆ ಇ-ಗ್ರಾಮ ಸ್ವರಾಜ್ ತಂತ್ರಾಂಶದಲ್ಲಿ ದುಡ್ಡು ಬಿಡಿಸಲು ಬರುವುದಿಲ್ಲ.

ಆಮೇಲೆ ಪಂಚಾಯ್ತಿ ಸಭೆಯ ಒಪ್ಪಿಗೆ, ಇಂಜಿನಿಯರ್‌ರ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಅಥವಾ ತುಂಡು ಗುತ್ತಿಗೆ, ಕೆಲಸದ ಆದೇಶ, ಕೆಲಸ, ಅಳತೆ, ಬಿಲ್ಲು. ಒಂದೊಂದು ಹಂತದಲ್ಲೂ ಒಬ್ಬೊಬ್ಬರಿಗೆ ಬೇಡ ಎನ್ನುವ ಅಧಿಕಾರ ಇದೆ, ಒಬ್ಬರಿಗೂ ಪೂರ್ತಿ ಹೌದು ಎನ್ನುವ ಅಧಿಕಾರ ಇಲ್ಲ. ಸರ್ಕಾರದ ಕೆಲಸ ನಿಧಾನ ಎನ್ನುವುದಕ್ಕೆ ದೊಡ್ಡ ಕಾರಣ ಇದು. ತಡೆ ಇಲ್ಲದಿದ್ದರೆ ಲೂಟಿ, ತಡೆ ಹೆಚ್ಚಾದರೆ ಜಡ.

ಹಣದ ವಿಷಯದಲ್ಲಿ ಕೈಕಟ್ಟು ಇನ್ನೂ ಬಿಗಿ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು, ಶೇ. 40 ಮಾತ್ರ ಪಂಚಾಯ್ತಿಯ ಆಯ್ಕೆಗೆ ಬಿಟ್ಟಿತ್ತು. ಆ ಲೆಕ್ಕದಲ್ಲಿ ಒಂದು ಪಂಚಾಯ್ತಿಗೆ 15 ಲಕ್ಷ ರೂಪಾಯಿ ಬಂತು ಎಂದುಕೊಳ್ಳಿ. 9 ಲಕ್ಷಕ್ಕೆ ದಾರಿ ಮೊದಲೇ ಗೊತ್ತು. ಉಳಿದ 6 ಲಕ್ಷಕ್ಕೆ ಹದಿನೈದು ಸದಸ್ಯರು. "ಎಲ್ಲರಿಗೂ ಸಮಾ ಹಂಚಿ" ಎಂದರೆ ತಲೆಗೆ 40,000. ಆ ದುಡ್ಡಿಗೆ ಬರುವುದು ತುಂಡು ಚರಂಡಿ: ಒಂದು ಮನೆಯ ಮುಂದೆ ಶುರುವಾಗಿ ನಾಲ್ಕನೇ ಮನೆಯ ಮುಂದೆ ನಿಲ್ಲುತ್ತದೆ, ನೀರಿಗೆ ಹೊರಹೋಗುವ ದಾರಿಯೇ ಇಲ್ಲ, ಸೊಳ್ಳೆ ಮಾತ್ರ ಧಾರಾಳ. ಇಲ್ಲಿ ಯಾರೂ ಕದ್ದಿಲ್ಲ. ಆದರೂ ಊರಿನ ದುಡ್ಡು ಹಾಳಾಯಿತು. ಸಮಪಾಲು ಎಂಬುದು ಸದಸ್ಯರ ನಡುವಿನ ಶಾಂತಿಗೆ ಒಳ್ಳೆಯದು, ಊರಿಗೆ ಕೆಟ್ಟದ್ದು. ಈ ವರ್ಷ ಎರಡು ವಾರ್ಡಿಗೆ ಪೂರ್ತಿ ಕೆಲಸ, ಮುಂದಿನ ವರ್ಷ ಇನ್ನೆರಡಕ್ಕೆ ಎಂದು ಐದು ವರ್ಷದ ಸರದಿಯನ್ನು ಮೊದಲ ವರ್ಷವೇ ಗ್ರಾಮಸಭೆಯಲ್ಲಿ ಒಪ್ಪಿಸಿ ಬರೆದಿಟ್ಟರೆ ಇದು ತಪ್ಪುತ್ತದೆ. ಸರದಿ ಬರವಣಿಗೆಯಲ್ಲಿ ಇಲ್ಲದಿದ್ದರೆ ಮಾತ್ರ ಸದಸ್ಯರು ಒಪ್ಪುವುದಿಲ್ಲ, ಮತ್ತು ಒಪ್ಪದಿರುವುದು ಸರಿಯೇ.

ಸ್ವಂತ ಹಣ ಎಂದರೆ ಪಂಚಾಯ್ತಿಯೇ ಎತ್ತುವ ತೆರಿಗೆ. ಮನೆ ಕಂದಾಯ, ನೀರಿನ ಕರ, ಅಂಗಡಿ ಲೈಸೆನ್ಸ್, ಸಂತೆ ಸುಂಕ. ಇದರ ಮೇಲೆ ಮೇಲಿನವರ ಷರತ್ತು ಕಡಿಮೆ. ಮತ ಕಳೆದುಕೊಳ್ಳುವ ಹೆದರಿಕೆಗೆ ಕಂದಾಯ ಪರಿಷ್ಕರಣೆ ಮಾಡದ, ಬಾಕಿ ವಸೂಲಿ ಮಾಡದ ಪಂಚಾಯ್ತಿ ತನ್ನ ಸ್ವಾತಂತ್ರ್ಯವನ್ನು ತಾನೇ ಬಿಟ್ಟುಕೊಟ್ಟಂತೆ.

ಪಂಚಾಯ್ತಿಯ ಕೈಯಲ್ಲಿ ಇಲ್ಲದ್ದನ್ನೂ ತಿಳಿದಿರಬೇಕು. ಅರ್ಧ ಓಡಾಟ ಅದರಿಂದ ಉಳಿಯುತ್ತದೆ. ಪಹಣಿ, ಸರ್ವೆ, ವೃದ್ಧಾಪ್ಯ ವೇತನ ಕಂದಾಯ ಇಲಾಖೆಯದು: ನಾಡಕಚೇರಿ, ತಹಶೀಲ್ದಾರ್. ರೇಷನ್ ಕಾರ್ಡು ಆಹಾರ ಇಲಾಖೆ. ಹೆಂಡದಂಗಡಿಯ ಲೈಸೆನ್ಸ್ ಅಬಕಾರಿ ಇಲಾಖೆ. ಗ್ರಾಮಸಭೆ ಬೇಡ ಎಂದು ನಿರ್ಣಯ ಮಾಡಿದರೆ ಅದಕ್ಕೆ ನೈತಿಕ ತೂಕ ಉಂಟು, ಅದರಿಂದಲೇ ಲೈಸೆನ್ಸ್ ರದ್ದಾಗುವುದಿಲ್ಲ. ಬೀದಿದೀಪದ ಬಲ್ಬು ಪಂಚಾಯ್ತಿಯದು, ಕಂಬದ ಮೇಲಿನ ಕರೆಂಟು ವಿದ್ಯುತ್ ಕಂಪನಿಯದು. ಪಂಚಾಯ್ತಿಗೆ ಪೊಲೀಸರಿಲ್ಲ. ಒತ್ತುವರಿ ತೆರವಿಗೆ ಅದು ನೋಟಿಸು ಕೊಡಬಹುದು, ಎದುರು ನಿಂತು ಗಲಾಟೆ ಮಾಡುವವರನ್ನು ಸರಿಸಲು ರಕ್ಷಣೆ ಕೇಳಿ ಪತ್ರ ಬರೆಯಬೇಕು. ಇ-ಸ್ವತ್ತು ತಂತ್ರಾಂಶದಲ್ಲಿ ಮನೆ, ನಿವೇಶನಗಳ ಖಾತೆ ಪತ್ರ ಕೊಡುವುದು ಮಾತ್ರ ಪಂಚಾಯ್ತಿಯೇ. ಊರಿನ ಹೆಚ್ಚಿನ ಒತ್ತಡವೂ ಶಿಫಾರಸೂ ಹರಿದು ಬರುವುದು ಅಲ್ಲಿಗೇ.

ಲೆಕ್ಕ ಕೇಳುವವರು

ಪಂಚಾಯ್ತಿಯ ಮೇಲೆ ಎರಡು ಕಡೆಯಿಂದ ಕಣ್ಣಿದೆ. ಮೇಲಿನಿಂದ ಇಒ, ಜಿಲ್ಲಾ ಪಂಚಾಯ್ತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ), ರಾಜ್ಯ ಲೆಕ್ಕಪರಿಶೋಧನಾ ಇಲಾಖೆ, ಲೋಕಾಯುಕ್ತ. ಕಾನೂನಿಗೆ ವಿರುದ್ಧವಾದ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಸಿಇಒಗೆ ಇದೆ. ಕೆಳಗಿನಿಂದ ಗ್ರಾಮಸಭೆ, ಮತ್ತು ವರ್ಷಕ್ಕೊಮ್ಮೆ ಊರಿನವರ ಮುಂದೆಯೇ ಲೆಕ್ಕ, ಕಾಮಗಾರಿ ಪರಿಶೀಲಿಸುವ ಜಮಾಬಂದಿ.

ಮೇಲಿನ ಕಣ್ಣಿಗೆ 2021ರಿಂದ ಒಂದು ದೊಡ್ಡ ಕೊರತೆ ಉಂಟಾಯಿತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಇಒ, ಸಿಇಒಗಳನ್ನು ಸಭೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಕಾದ ಚುನಾಯಿತರೇ ಅಲ್ಲಿರಲಿಲ್ಲ. ಚುನಾಯಿತ ಸಂಸ್ಥೆ ಇಲ್ಲದ ಕಡೆ ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೂ ತಡೆ. ಆ ಖಾಲಿ ಜಾಗವನ್ನು ತುಂಬಿದ್ದು ಶಾಸಕರ ಪ್ರಭಾವ. 1987ರ ಜಿಲ್ಲಾ ಪರಿಷತ್ತು ಕಂಡ ನಾಡಿಗೆ ಇದು ದೊಡ್ಡ ನಷ್ಟ, ಮತ್ತು ಯಾವ ಪಕ್ಷದ ಸರ್ಕಾರವೂ ಇದಕ್ಕೆ ಹೊರತಲ್ಲ.

ಕೆಳಗಿನ ಕಣ್ಣು ಚುರುಕಾಗಿರಬೇಕಾದರೆ ಕಾಗದ ಕೈಗೆ ಬರಬೇಕು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಪಂಚಾಯ್ತಿಯ ಮಾಹಿತಿ ಅಧಿಕಾರಿ ಪಿಡಿಒ. 10 ರೂಪಾಯಿ ಶುಲ್ಕದ ಜೊತೆ ನಮೂನೆ 'ಎ'ಯಲ್ಲಿ ಅರ್ಜಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಐದು ವರ್ಷದ ಎಲ್ಲ ಲೆಕ್ಕ ಕೊಡಿ" ಎಂದು ಕೇಳಿದರೆ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತೆ. ಇಂಥ ತಿಂಗಳ ಸಾಮಾನ್ಯ ಸಭೆಯ ನೋಟಿಸು, ಹಾಜರಿ ಮತ್ತು ನಡಾವಳಿಯ ಪ್ರತಿ ಎಂದು ಒಂದು ಅರ್ಜಿ. ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಎಂಬಿ ಪುಸ್ತಕದ ಪುಟ ಮತ್ತು ಪಾವತಿ ವಿವರ ಎಂದು ಇನ್ನೊಂದು ಅರ್ಜಿ. ಎಂಬಿ ಪುಸ್ತಕದಲ್ಲಿ ಬರೆದ ಉದ್ದ, ಅಗಲ, ಆಳವನ್ನು ಟೇಪು ಹಿಡಿದು ಬೀದಿಯಲ್ಲಿ ಅಳೆದರೆ ವ್ಯತ್ಯಾಸ ಅಲ್ಲಿಯೇ ಕಾಣುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ತಾಲ್ಲೂಕು ಪಂಚಾಯ್ತಿ ಇಒಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಉತ್ತರ ಕೊಡಬೇಕಾದ 30 ದಿನದ ಲೆಕ್ಕ ಶುರುವಾಗುವುದು ಅರ್ಜಿ ಕಚೇರಿಗೆ ತಲುಪಿದ ತಾರೀಖಿನಿಂದ.